ಎಡಗಾಲಿನ ಹೆಬ್ಬೆರಳು

ಅಕ್ಕಿಹೆಬ್ಬಾಳು
೧೨-೧-೨೦೨೫, ಭಾನುವಾರ

ರಂಜಿತಳ ಅಪ್ಪನಿಗೆ, ಮುನಿಸಿಕೊಂಡೇ ಮಾಡುವ ನಮಸ್ಕಾರ.

ಫೋನು ಮಾಡಿದರೆ ಕಟ್ ಮಾಡುತ್ತೀರಿ. ಅದಕ್ಕೇ ಪಾಂಡವಪುರಕ್ಕೆ ಹೊರಟ ನನ್ನ ತಮ್ಮ ಚಲುವರಾಜುವಿನ ಕೈಗೆ ಈ ಕಾಗದ ಕೊಟ್ಟಿದ್ದೇನೆ. ಆಲೆಮನೆಯ ಒಲೆಗೆ ಹಾಕುವ ಮುಂಚೆ ಒಂದು ಸಲ ಓದಿ.

ಅವ್ವನಿಗೆ ಮಂಡಿನೋವು, ನೋಡಿಕೊಳ್ಳಲು ಬಂದೆ ಎಂದು ಇಲ್ಲಿ ತವರಲ್ಲಿ ಎಲ್ಲರಿಗೂ ಹೇಳಿದ್ದೇನೆ. ಅವ್ವ ಗಟ್ಟಿಮುಟ್ಟಾಗಿದ್ದಾಳೆ. ನಿಮ್ಮ ಕಾಲನ್ನು ದಿನಾ ನೋಡಲಾರದೆ ಬಂದೆ, ಅಷ್ಟೇ.

ಸಕ್ಕರೆ ಕಾಯಿಲೆ ಅಂತ ಗೊತ್ತಾದ ದಿನವೇ ಕಾಫಿಗೆ ಬೆಲ್ಲ ಹಾಕುವುದನ್ನು ಬಿಟ್ಟಿರಿ. ಪಾಕ ಹದಕ್ಕೆ ಬಂತೇ ಎಂದು ಬೆರಳಲ್ಲಿ ಉಂಡೆ ಕಟ್ಟಿ ನೋಡುವಾಗಲೂ ನಾಲಿಗೆಗೆ ಸೋಕಿಸಲಿಲ್ಲ. ಇಡೀ ಆಲೆಮನೆ ನಿಮ್ಮನ್ನು ಹೊಗಳಿತು. ಬೀಡಿ ಮಾತ್ರ ದಿನಕ್ಕೆ ಒಂದು ಕಟ್ಟು ಇದ್ದದ್ದು ಎರಡಾಯಿತು. "ಬೀಡಿ ಕಹಿ ಕಣಮ್ಮಿ, ಹಾಗಲಕಾಯಿ ಇದ್ದಂಗೆ. ಸಕ್ಕರೆನ ಅದೇ ಮುರೀತದೆ ಬುಡು" ಅಂದಿರಿ. ನಾನೂ ದಡ್ಡಿ, ನಂಬಿದೆ. ಸಂತೆಯಿಂದ ಮೆಂತ್ಯದ ಜೊತೆ ಬೀಡಿ ಕಟ್ಟನ್ನೂ ನಾನೇ ತಂದುಕೊಟ್ಟೆ.

ಆಮೇಲೆ ಹೆಬ್ಬೆರಳಿಗೆ ಈ ಗಾಯ. ಗದ್ದೆಯಲ್ಲಿ ಕಡಿದುಳಿದ ಕಬ್ಬಿನ ಕೂಳೆ ಚುಚ್ಚಿರಬೇಕು ಅಂದಿರಿ. ಬೀಡಿ ಸೇದುತ್ತಾರಾ ಎಂದು ಡಾಕ್ಟರು ಕೇಳಿದಾಗ, ಬೀಗಿತ್ತಿ, ರಂಜಿತಳ ಅತ್ತೆ, ಪಕ್ಕದಲ್ಲಿದ್ದರೆಂದು ನಾಚಿ, ನಾನೇ ಇಲ್ಲ ಅಂದೆ. ನೀವೂ ತಲೆಯಾಡಿಸಿದಿರಿ. ಎರಡು ತಿಂಗಳಾದರೂ ಗಾಯ ಮಾಯಲಿಲ್ಲ.

ಮೊನ್ನೆ ಒಬ್ಬಳೇ ಹೋಗಿ ಡಾಕ್ಟರಿಗೆ ನಿಜ ಹೇಳಿದೆ. ಸೇದುವವರ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲವಂತೆ, ಸಕ್ಕರೆ ಇಳಿಯುವುದಿಲ್ಲವಂತೆ. ಕಾಲಿನ ರಕ್ತನಾಳವೂ ಕಿರಿದಾಗುತ್ತದಂತೆ, ಪಾದ ಮರಗಟ್ಟಿ ನೋವೇ ತಿಳಿಯದಂತಾಗುತ್ತದಂತೆ. "ಮೊದಲೇ ಯೋಳ್ಬಾರ್ದಿತ್ತಾ ತಾಯಿ?" ಎಂದು ಅಲ್ಲಿದ್ದ ಆಯಾ ಮಂಚಮ್ಮ ಬೈದಳು.

ಬುಧವಾರ, ಹಬ್ಬದ ಮಾರನೆಯ ದಿನ, ಬೆರಳು ಉಳಿಸುವುದೋ ತೆಗೆಯುವುದೋ ಡಾಕ್ಟರು ಹೇಳುತ್ತಾರೆ. ತಡ ಮಾಡಿದರೆ ಪಾದಕ್ಕೇ ಬರುತ್ತದಂತೆ. ಕುದಿಯುವ ಕೊಪ್ಪರಿಗೆ ಮುಂದೆ ಒಂಟಿ ಕಾಲಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ? ನನಗೆ ಭಯವಾಗುತ್ತಿದೆ. ಬೀಡಿ ಇವತ್ತೇ ಬಿಡಿ. ಹತ್ತು ಗಂಟೆಗೆ ಆಸ್ಪತ್ರೆ ಬಾಗಿಲಲ್ಲಿ ಇರುತ್ತೇನೆ. ನೀವು ಬರದಿದ್ದರೆ ನಾನು ಆ ಮನೆಗೆ ಮತ್ತೆ ಬರುವುದಿಲ್ಲ.

ನಿಮ್ಮ
ಮಂಗಳ

ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ: ಅದು ಕೂಳೆ ಚುಚ್ಚಿದ ಗಾಯವಲ್ಲ. ದೀಪಾವಳಿ ಮುಗಿದ ಮರುವಾರ ಜಗಲಿಯಲ್ಲಿ ಮೊಮ್ಮಗಳು ಚಿನ್ನು ಕೆಮ್ಮುತ್ತಿದ್ದರೂ ನೀವು ಸೇದುತ್ತಲೇ ಇದ್ದಿರಿ. ಬೀಡಿಯ ಕೆಂಡ ನಿಮ್ಮ ಹೆಬ್ಬೆರಳ ಮೇಲೆ ಬಿತ್ತು. ನಾನು ನೋಡಿದೆ. ಕೋಪವಿತ್ತು, ಚುರುಕ್ ಅಂದರೆ ಬುದ್ಧಿ ಬರುತ್ತದೆ ಎಂದು ಸುಮ್ಮನಿದ್ದೆ. ಈಗ ಕಾಲು ಎಳೆದುಕೊಳ್ಳುತ್ತೀರಿ, ಈಗ ಎಳೆದುಕೊಳ್ಳುತ್ತೀರಿ ಎಂದು ಕಾಯುತ್ತಲೇ ಇದ್ದೆ. ನೀವು ಚಿನ್ನುಗೆ ಕಥೆ ಹೇಳುತ್ತಲೇ ಇದ್ದಿರಿ.