ತಿಳಿದೂ ತಿಳಿಯದ ಪಾಠ

ಮಾರ್ಚ್ ೯, ಸೋಮವಾರ.

ಮೊಮ್ಮಗಳು ಮೇಧಾಳಿಗೆ ನಾಳೆ ಸಂಖ್ಯಾಶಾಸ್ತ್ರದ ಪರೀಕ್ಷೆ. ಅವಳಿಗೆ ಬೇಯಿಸಿ ಹಾಕಲು ಶಿರಸಿಯ ಈ ಬಾಡಿಗೆ ಕೋಣೆಗೆ ಬಂದು ಕೂತಿದ್ದೇನೆ. ಮಹಾರಾಣಿ ಮೊಬೈಲ್ ಬಿಟ್ಟು ತಲೆ ಎತ್ತಿದವಳಲ್ಲ. ಕಳೆದೊಂದು ವಾರ ಮಾತ್ರ, ಬಾಯಿಬಿಟ್ಟು ಹೇಳಿದರೆ ನೆನಪುಳಿಯುತ್ತದೆಂದು ನನಗೆ ಪಾಠ ಹೇಳಿದಳು. ನಾಲ್ಕು ಕವಡೆಯಲ್ಲಿ ಎಷ್ಟು ಅಂಗಾತ ಬಿದ್ದಾವೆಂಬುದು ಎಣಿಸುವ ಸಂಭವ: ಎರಡೋ ಮೂರೋ, ಎರಡೂವರೆ ಇಲ್ಲ. ಹಾಲು ಯಾವಾಗ ಉಕ್ಕೀತೆಂಬುದು ಅಳೆಯುವ ಸಂಭವ: ಇಂಥದೇ ಕ್ಷಣ ಎನ್ನಲಾಗದು, ಇಷ್ಟರಿಂದ ಇಷ್ಟರೊಳಗೆ ಎನ್ನಬೇಕು.

ಮೊದಲ ಸಲಕ್ಕೇ ತಿಳಿದಿತ್ತು. ಆದರೂ ದಿನಾ ಹೇಳಿದೆ, "ಅರ್ಥ ಆಜಿಲ್ಲೆ ಕೂಸೇ, ಇನ್ನೊಂದ್ಸಲ ಹೇಳು."

"ಅಮ್ಮಮ್ಮಾ, ನಿನ್ನ ತಲೇಲಿ ಎಂತ ಇದ್ದು?"

"ದನದ ಹಿಂಡಿ. ನೀನು ಹೇಳು."

ನಕ್ಕಳು, ಪಕ್ಕ ಕೂತು ಮತ್ತೆ ಹೇಳಿದಳು.

ನಾಳೆ ಮಧ್ಯಾಹ್ನಕ್ಕೆ ಪುಸ್ತಕ ಮುಚ್ಚುತ್ತಾಳೆ. ಆಮೇಲೆ ಏನು ಅರ್ಥವಾಗಲಿಲ್ಲವೆಂದು ಅವಳನ್ನು ಪಕ್ಕಕ್ಕೆ ಕರೆಯಲಿ?