ಹೊರಗಿನ ಚಿಲಕಾ

ಗೋಕುಲ ರೋಡ್, ಹುಬ್ಬಳ್ಳಿ
ಮೇ 2001

ಯಪ್ಪಾ,

ತಮ್ಮ ವಿನೋದನ ಮದಿವಿಗೆ ನಾ ಬಾರಸೂ ಬ್ಯಾಂಡನ ಹೇಳೀಯಂತ. ಹೊಸಾ ಸೊಸೀನ ಮನಿ ತುಂಬಿಸಿಕೊಳ್ಳೂವಾಗ, ತಂಗಿ ಲಕ್ಷ್ಮೀ ಬಾಗಲಾ ತಡದು ನಿಂತಾಗ, ‘ತಗಿ ಬಾಗಲಾ’ ಹಾಡು ಬಾರಸಬೇಕಂತ. "ಪ್ರತಾಪ ಕ್ಯಾಸೆಟ್ಟಿನ್ಯಾಗ ಹಾಡಿದಂಗ ಇರ್ಲಿ, ಭಾಳ ಛಲೋ ಐತಿ" ಅಂದೀಯಂತ.

ಆ ಹಾಡು ಪ್ರತಾಪಂದಲ್ಲ, ನಂದು. ನಾ ಸಾಲಿ ಬಿಟ್ಟಾಗ ನೀ ನನ್ನ ಹಿಂದಿನ ಖೋಲ್ಯಾಗ ದಬ್ಬಿ ಹೊರಗಿಂದ ಚಿಲಕಾ ಹಾಕಿದ್ದಿ. ಒಳಗ ಬಾಗಲಾ ಬಡಕೋತ ನಾ ಒದರಿದ್ದ ಮಾತ ಆ ಹಾಡು. ಆಮ್ಯಾಲೆ ಗಿಟಾರ್, ಡ್ರಮ್ ಕೂಡಿಸಿ ರಾಕ್ ಮಾಡಿ ಓಣಿ ಗಣಪತಿ ಮುಂದ ಹಾಡಿದ್ರ ಮಂದಿ ಕಿವಿ ಮುಚಗೊಂಡ್ರು. "ಕತ್ತಿ ಒದರಿದಂಗ ಒದರತಾನ" ಅಂತ ನೀನೂ ನಕ್ಕಿ. ನನ್ನ ಜೋಡಿ ಡ್ರಮ್ ಬಾರಸತಿದ್ದ ಪ್ರತಾಪ ಅದನ್ನ ಮೆತ್ತಗ ಮಾಡಿ ಪ್ರೀತಿ ಹಾಡು ಅಂತ ಹಾಡಿದ. ಈಗ ಊರೆಲ್ಲಾ ಅದ ಐತಿ. ದಿನಾ ಯಾರದರ ಮದಿವ್ಯಾಗ ನಾನ ಅದನ್ನ ಕ್ಯಾಸಿಯೋ ಕೀಬೋರ್ಡ್ ಮ್ಯಾಲೆ ಅವನಂಗ ಬಾರಸಬೇಕು. ನನ್ನಂಗ ಬಾರಿಸಿದ್ರ "ಲೇ, ಹಾಡು ಯಾಕ ಕೆಡಸ್ತಿ?" ಅಂತ ಬೈತಾರ.

ನಿಮ್ಮ ಮನಿ ಮುಂದೂ ಬಾರಸ್ತೇನಿ. ಒಲ್ಲೆ ಅಂದ್ರ ಬ್ಯಾಂಡ್ ಓನರ್ ನನ್ನ ನೌಕರಿಂದ ತಗೀತಾನ.

ಆದ್ರ ಹೊಸಾ ಜೋಡಿಗೆ ಅದ ಹಿಂದಿನ ಖೋಲಿ ಕೊಡ್ತೀರಂತ ಅವ್ವ ಹೇಳಿದ್ಲು. ಹೊರಗಿನ ಚಿಲಕಾ ಇನ್ನೂ ಹಂಗ ಐತಂತ. ಆ ಹುಡುಗಿ ಬರೂದರೊಳಗ ಅದನ್ನ ಕಿತ್ತು ಒಗಿ. ಸ್ಕ್ರೂ ಜಂಗ ಹಿಡದು ತಿರಗಲಿಲ್ಲಂದ್ರ ಹಂಗ ಬಿಡು, ಕ್ಯಾಸಿಯೋ ಜೋಡಿ ಸ್ಕ್ರೂಡ್ರೈವರೂ ತರತೇನಿ. ಮದಲ ಚಿಲಕಾ, ಆಮ್ಯಾಲೆ ಹಾಡು.

ದುರ್ಗೇಶ