ನೂರು ದಿನದ ಸರಳು

ಹೊಸಪೇಟೆ, ಎರಕದ ಸಾಲೆ
ಇಸವಿ 2312, ಕಾವುಗಡಿಗೆ ಒಡೆದ ಮರುವರ್ಷ

ಲೋಹದ ಬೆರಕೆಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿರುವ ಹಿರಿಯರಿಗೆ,

ನೀವು ಸತ್ತು ಇನ್ನೂರು ವರ್ಷದ ಮೇಲಾಗಿದೆ, ಆದರೂ ಬರೆಯುತ್ತಿದ್ದೇನೆ. ನನ್ನ ಮಾತು ವಿಚಿತ್ರವಾಗಿ, ಒರಟಾಗಿ ಕಂಡರೆ ಕ್ಷಮಿಸಿ. ನಾನು ಹುಲಿಗೆಪ್ಪ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಕುಲುಮೆಗೆ ಬಂದವನು. ನಯವಾಗಿ ಬರೆಯಲು ಬರುವುದಿಲ್ಲ, ಮನಸ್ಸೂ ಇಲ್ಲ.

ಕಾವುಗಡಿಗೆ ಎಂದರೆ ಓಣಿಗೊಂದರಂತೆ ಇರುವ, ಮನೆಯೆತ್ತರದ ಲೋಹದ ಹಂಡೆ. ಹಗಲಿನ ಬಿಸಿಲಿನ ಕಾವನ್ನು ಕರಗಿದ ಉಪ್ಪಿನಲ್ಲಿ ಹಿಡಿದಿಡುತ್ತದೆ. ನಮ್ಮ ರೊಟ್ಟಿ ಬೇಯುವುದು, ಆಸ್ಪತ್ರೆಯ ಬಟ್ಟೆ ಕುದಿಯುವುದು ಅದರಿಂದಲೇ. ಏಳುನೂರು ಡಿಗ್ರಿಯನ್ನು ವರ್ಷಗಟ್ಟಲೆ ತಡೆಯುವ ಬೆರಕೆ ಬೇಕು. ಯಾವ ಲೋಹ ಎಷ್ಟು ಸೇರಿದರೆ ಎಷ್ಟು ಕಾವಿಗೆ ಏನಾಗುತ್ತದೆ ಎಂದು ತೋರಿಸುವ ನಕ್ಷೆ ಮಾತ್ರ ನಿಮ್ಮದು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿಯೇ ನಾವು ಕುಲುಮೆ ಹೊತ್ತಿಸುವುದು.

ನೀವು ಅಳೆದು ನೋಡಿದ್ದನ್ನು ಗಟ್ಟಿ ಗೆರೆಯಲ್ಲಿ, ಬರೀ ಲೆಕ್ಕದಿಂದ ಊಹಿಸಿದ್ದನ್ನು ತುಂಡು ಗೆರೆಯಲ್ಲಿ ಎಳೆದಿದ್ದಿರಿ. ಒಡೆದ ವಿಗ್ರಹದ ಹಾಗೆ ಪೂಜೆಯ ನಕ್ಷೆಯೂ ಭಿನ್ನವಾಗಿರಬಾರದೆಂದು ನಕಲು ತೆಗೆದವರು ಆ ತುಂಡುಗಳನ್ನೆಲ್ಲ ಕೂಡಿಸಿಬಿಟ್ಟರು. ಮೂರ್ಖರು! ನಾನೂ ಒಂದು ನಕಲು ತೆಗೆದಿದ್ದೇನೆ, ಎಲ್ಲವನ್ನೂ ಕೂಡಿಸಿದ್ದೇನೆ.

ಹೋದ ವರ್ಷ ನಿಕಲ್ ಸಿಗದೆ, ಹೊಸ ಕಾವುಗಡಿಗೆಗೆ ನಾಲ್ಕು ಲೋಹಗಳ ಬೇರೊಂದು ಬೆರಕೆಯನ್ನು ನಕ್ಷೆ ನೋಡಿ ಆರಿಸಿದೆವು. ನನ್ನ ಒಬ್ಬಳೇ ಮಗಳು ಪಂಪಾವತಿ, ತುಂಡು ಗೆರೆಗಳು ಹಾಗೇ ಉಳಿದಿದ್ದ ಹಳೆಯ ನಕಲೊಂದನ್ನು ಹುಡುಕಿ ತಂದಳು.

"ಅಪ್ಪಾ, ಈ ನಾಕೂ ಕೂಡಿಸಿ ಯಾರೂ ಅಳದಿಲ್ಲ. ಎರಡೆರಡು ಅಳದಾರ, ಉಳಿದದ್ದು ಲೆಕ್ಕ. ಇಬ್ಬಿಬ್ರು ಓರಗಿತ್ತೇರು ಹೆಂಗ ಇರ್ತಾರಂತ ನೋಡಿ, ನಾಕೂ ಮಂದೀನ ಒಂದಾ ಅಡಗಿಮನ್ಯಾಗ ಬಿಟ್ಟಂಗ."

"ಇನ್ನೂರು ವರ್ಷ ಪೂಜಿ ಮಾಡಿದ ನಕ್ಷಾ ಅದು. ನೀನೇನು ಅವರಜ್ಜಿಯೇನು?"

"ಪೂಜಿ ಮಾಡಿದ್ರ ಊಹೆ ಖರೇ ಆಗ್ತದೇನು? ನೂರು ದಿನ ಕೊಡಪ್ಪಾ, ಸಾಕು."

ಆ ಬೆರಕೆಯ ಗೇಣುದ್ದದ ಸರಳೊಂದನ್ನು ಸಣ್ಣ ಕುಲುಮೆಯಲ್ಲಿ ಏಳುನೂರು ಡಿಗ್ರಿಗೆ ಇಟ್ಟಳು. ನೂರು ದಿನ ಕಾದು, ಮುರಿದು ನೋಡಬೇಕೆಂದಿದ್ದಳು. ಅರವತ್ತೊಂದನೆಯ ದಿನ ನೇಗಿಲ ಗುಳ ಹದ ಮಾಡಲು ನನಗೆ ಆ ಕುಲುಮೆ ಬೇಕಾಯಿತು. ಸರಳನ್ನು ತೆಗೆದು ಮೂಲೆಗೆಸೆದೆ.

"ಮೂವತ್ತೊಂಬತ್ತು ದಿನ ಅಷ್ಟಾ ಉಳಿದಿತ್ತಲ್ಲಪ್ಪಾ," ಎಂದಳು. ಜಗಳವಾಡಲಿಲ್ಲ. ಆಡಬೇಕಿತ್ತು.

ಆ ಬೆರಕೆಯಲ್ಲೇ ಕಾವುಗಡಿಗೆ ಎರೆದು, ಉಪ್ಪು ತುಂಬಿ ಕಾವೇರಿಸಿದೆವು. ನಾಲ್ಕನೆಯ ತಿಂಗಳು, ಒಂದು ಮಧ್ಯಾಹ್ನ, ಅವಳು ಅದರ ಪಕ್ಕದಲ್ಲಿ ನಿಂತು ಕಾವಿನ ಮುಳ್ಳು ನೋಡುತ್ತಿದ್ದಾಗ ಅದು ಬುಡದಿಂದ ಸೀಳಿತು. ಕರಗಿದ ಉಪ್ಪು ಎಂದರೆ ಏನೆಂದು ನಿಮಗೆ ಗೊತ್ತು. ಅದನ್ನು ಬರೆಯಲಾರೆ.

ಮಣ್ಣು ಮಾಡಿ ಬಂದು ಆ ಸರಳನ್ನು ಹುಡುಕಿದೆ. ಕುಲುಮೆಯ ಅಡೆಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕಿದೆ. ಕಲ್ಲುಸಕ್ಕರೆಯ ಹಾಗೆ ಪುಡಿಯಾಯಿತು. ನೂರು ದಿನ ಬೇಕಿರಲಿಲ್ಲ. ಅರವತ್ತೊಂದೇ ಸಾಕಾಗಿತ್ತು. ಎಸೆಯುವ ಬದಲು ಅವತ್ತೇ ಒಂದು ಏಟು ಹಾಕಿದ್ದರೆ!

ನಿಮ್ಮ ಲೆಕ್ಕವನ್ನು ನಾನು ಬೈಯುವುದಿಲ್ಲ. ಊಹೆಯನ್ನು ಊಹೆಯೆಂದೇ ತೋರಿಸಿದ್ದಿರಿ. ಆದರೆ ಬರೀ ತುಂಡು ಗೆರೆ ಸಾಲದು. ನಿಮ್ಮ ನಂತರ ನಮ್ಮಂಥವರು ಬರುತ್ತೇವೆ. ಅಳೆಯದ ಜಾಗದಲ್ಲೆಲ್ಲ "ಇದು ನಮಗೆ ಗೊತ್ತಿಲ್ಲ" ಎಂದು ದಪ್ಪಕ್ಷರದಲ್ಲಿ ಬರೆದಿಡಿ. ಯಾರಾದರೂ ನೂರು ದಿನ ಕೇಳಿದರೆ ಕೊಡಿ.

ಅದೇ ಬೆರಕೆಯ ಇನ್ನೊಂದು ಸರಳನ್ನು ಅದೇ ಕುಲುಮೆಯಲ್ಲಿ ಇಟ್ಟಿದ್ದೇನೆ. ಅದರಿಂದ ಇನ್ನು ತಿಳಿಯಬೇಕಾದದ್ದು ಏನೂ ಇಲ್ಲ. ಇವತ್ತಿಗೆ ಅರವತ್ತೊಂದು ದಿನ. ತೆಗೆಯುವುದಿಲ್ಲ.

ಹುಲಿಗೆಪ್ಪ